ಹಾಲು ಹುಯ್ದ ಮರದ ತಂಬೂರಿ

ನನ್ನ ಮೊಮ್ಮಗಳು ಗಿಟಾರು ಮಾಡಿಸುತ್ತಿದ್ದಾಳೆ. ಅಂಗಡಿಗೆ ಹೋಗಿ ಕೊಂಡು ತರುವುದಲ್ಲ, ಅವಳಿಗೆಂದೇ ಒಬ್ಬರು ಕೂತು ಕೈಯಲ್ಲಿ ಮಾಡುವುದು. ಹೋದ ವಾರವೆಲ್ಲ ಆಲಸನತ್ತಂನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಮರದ ಹಲಗೆಗಳು. ಯಾವ ಮರ ಬೇಕೋ ಆರಿಸಿಕೊಳ್ಳಲಿ ಎಂದು ಮಾಡುವವನೇ ಕಳಿಸಿಕೊಟ್ಟಿದ್ದ. ಅವಳು ಒಂದೊಂದನ್ನೂ ನನ್ನ ಕಿವಿಯ ಹತ್ತಿರ ತಂದು ಬೆರಳಿನ ಗೆಣ್ಣಿನಿಂದ ತಟ್ಟಿ, "ಅಜ್ಜಿ, ಯಾವ್ದು ಚೆನ್ನಾಗೈತೆ ಹೇಳು" ಎಂದಳು.

ಅಡುಗೆಮನೆಯಿಂದ ನನ್ನ ಮಗಳು, "ಕೂಗಿ ಕರೆದ್ರೇ ಕೇಳ್ಸಲ್ಲ, ಮರ ತಟ್ಟಿದ್ದು ಕೇಳ್ಸುತ್ತಾ ಅವ್ವಂಗೆ?" ಎಂದು ನಕ್ಕಳು.

"ಊಟಕ್ಕೆ ಕರೆದ್ರೆ ಕೇಳ್ಸುತ್ತೆ, ಕೆಲ್ಸಕ್ಕೆ ಕರೆದ್ರೆ ಕೇಳ್ಸಲ್ಲ" ಎಂದೆ ನಾನು.

ಕೆಂಪು ಹಲಗೆ ಬೇಡವೆಂದೆ. ಕಪ್ಪು ಹಲಗೆ ಪರವಾಗಿಲ್ಲವೆಂದೆ. ಗೋಧಿ ಬಣ್ಣದ್ದನ್ನು ತಟ್ಟಿದಾಗ ಸದ್ದು ಹೊರಗೆ ಹೋಗಿ ಮತ್ತೆ ಒಳಕ್ಕೆ ಬಂದಂತಾಯಿತು. ಇದೇ ಎಂದೆ. ಹುಡುಗಿ ನನ್ನನ್ನು ತಬ್ಬಿಕೊಂಡು, ಮಾಡುವವನೂ ಇದನ್ನೇ ಹೇಳಿದ್ದ ಅಜ್ಜಿ ಎಂದು ಕುಣಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಮಾತು ಕೇಳಿ ಒಂದು ವಾದ್ಯ ಹುಟ್ಟುತ್ತಿದೆ ಎಂದರೆ ಹೇಗಾಗಿರಬೇಡ ನನಗೆ. ಬೀದಿಯಲ್ಲಿ ಸೊಪ್ಪು ಮಾರುವವಳಿಗೂ ಹೇಳಿದೆ, ಗ್ಯಾಸ್ ತಂದವನಿಗೂ ಹೇಳಿದೆ. ಸಂತೋಷ ಉಕ್ಕಿ ಬರುತ್ತಿದೆ. ಉಕ್ಕುವಾಗ ತಳದಲ್ಲಿ ಇದ್ದದ್ದೂ ಮೇಲಕ್ಕೆ ಬಂತು. "ನಿಂಗೆ ಮರ ಹೆಂಗೆ ಗೊತ್ತು ಅಜ್ಜಿ?" ಎಂದು ಹುಡುಗಿ ಕೇಳಿದಳು. ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಲಿ.

ಆಗ ಬ್ರಿಟಿಷರ ಆಳ್ವಿಕೆ, ಯುದ್ಧದ ಕಾಲ. ನಾನಿನ್ನೂ ಚಿಕ್ಕವಳು. ರಾಯಕೋಟೆಯಿಂದ ಗುಡ್ಡದ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ರಾಗಿ, ಹುರುಳಿ, ಅವರೆ ಬೆಳೆಯುವ ಮನೆ ನಮ್ಮದು. ಹಿತ್ತಲಲ್ಲಿ ಬಾವಿ, ಬಾವಿಯ ಆಚೆಗೆ ಮೂರು ಹಲಸಿನ ಮರ. ಅಪ್ಪ ಹಗಲು ಹೊಲದಲ್ಲಿ, ಶನಿವಾರ ಸಂಜೆ ಊರಿನ ಭಜನೆಯಲ್ಲಿ. ಹಾಡು ಎತ್ತಿಕೊಡುವವನು ಅವನೇ. ಕನ್ನಡದ್ದು ಮುಗಿದರೆ ತೆಲುಗಿನದು, ತೆಲುಗಿನದು ಮುಗಿದರೆ ತಮಿಳಿನದು. ಯಾವುದು ಯಾವ ಭಾಷೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ಅಕ್ಕ ಕೂರುತ್ತಿದ್ದಳು. ಅಪ್ಪನ ಗಂಟಲು ಎಲ್ಲಿ ಸಾಕೆನ್ನುತ್ತಿತ್ತೋ ಅಲ್ಲಿಂದ ಅಕ್ಕ ಎತ್ತಿಕೊಳ್ಳುತ್ತಿದ್ದಳು. ಅವಳ ದನಿ ಮೇಲಕ್ಕೆ ಹೋದಾಗ ಕಂಬಕ್ಕೆ ಒರಗಿದ ಮುದುಕರು ನೆಟ್ಟಗೆ ಕೂರುತ್ತಿದ್ದರು. ಅಪ್ಪ ಹಾಡುವುದನ್ನೇ ಮರೆತು ಅವಳನ್ನು ನೋಡುತ್ತಿದ್ದ. ಆಮೇಲೆ ತಾಳ ತಪ್ಪಿ, ಎಲ್ಲರ ಕೈಲಿ ಬೈಸಿಕೊಳ್ಳುತ್ತಿದ್ದ.

ಅಕ್ಕನನ್ನು ಅಂಚೆಟ್ಟಿಯ ಕಡೆಯ ಒಂದು ಊರಿಗೆ ಕೊಟ್ಟರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಕೈಬೆರಳುಗಳು ಉದ್ದ ಇದ್ದವು, ಅಪ್ಪ ಅದನ್ನು ನೋಡಿ "ತಂಬೂರಿ ಮೀಟೋ ಬೆರಳು ಕಣ್ಲಾ ನಿಂದು" ಎಂದು ಕೂಸಿನ ಜೊತೆ ಮಾತಾಡುತ್ತಿದ್ದ. ಹೆಸರಿಡುವ ಮೊದಲೇ ಅದರ ಮೈ ಬಿಸಿಯಾಯಿತು. ಮೊಲೆ ಕಚ್ಚುವುದನ್ನು ಬಿಟ್ಟಿತು. ಮಾರನೆಯ ಬೆಳಿಗ್ಗೆ ಇರಲಿಲ್ಲ.

ನಮ್ಮ ಕಡೆ ಹಾಲು ಕುಡಿಯುವ ಕೂಸನ್ನು ಸುಡುವುದಿಲ್ಲ. ಊರಾಚೆಯ ಮಣ್ಣಿಗೂ ಒಯ್ಯುವುದಿಲ್ಲ. ಕೊಯ್ದರೆ ಹಾಲು ಬರುತ್ತದಲ್ಲ, ಅಂಥ ಮರದ ಬುಡದಲ್ಲಿ ಇಡುತ್ತಾರೆ, ಆಲವೋ ಅತ್ತಿಯೋ ಹಲಸೋ. ಹಸಿದರೆ ಮರ ನೋಡಿಕೊಳ್ಳುತ್ತದೆ ಎಂದು. ಅಪ್ಪನೂ ಚಿಕ್ಕಪ್ಪನೂ ಬಾವಿಯ ಆಚೆಯ ನಡುವಿನ ಹಲಸಿನ ಬುಡದಲ್ಲಿ ಅದನ್ನು ಇಟ್ಟರು. ಇಡುವಾಗ ಹೆಂಗಸರು ಅಲ್ಲಿಗೆ ಹೋಗುವ ಹಾಗಿಲ್ಲ. ಎಲ್ಲಿಟ್ಟರು ಎಂದು ಬಾಣಂತಿ ಕೇಳುವ ಹಾಗಿಲ್ಲ, ಅವಳಿಗೆ ಯಾರೂ ಹೇಳುವ ಹಾಗೂ ಇಲ್ಲ. ಹೇಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಕೂಸಿಗೆ ಒಡಲು ತೆರೆಯುವುದಿಲ್ಲ ಎನ್ನುತ್ತಿದ್ದರು.

ಕೂಸು ಹೋದರೂ ಹಾಲು ನಿಲ್ಲಲಿಲ್ಲ. ಅಕ್ಕನ ಎದೆ ಕಲ್ಲಾಗಿ, ಜ್ವರ ಬಂದು, ಅವ್ವ ಬಿಸಿನೀರಿನ ಬಟ್ಟೆ ಒತ್ತಿ ಹಾಲನ್ನು ಬಟ್ಟಲಿಗೆ ಹಿಂಡಿಸುತ್ತಿದ್ದಳು. ಆ ಹಾಲನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದು. ಅವ್ವ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಆ ಹಲಸಿನ ಬುಡಕ್ಕೆ ಹುಯ್ದು ಬರುತ್ತಿದ್ದಳು. ಬರುವಾಗ ಕಣ್ಣು ಕೆಂಪಗಿರುತ್ತಿತ್ತು. ಒಲೆಯ ಹೊಗೆ ಎನ್ನುತ್ತಿದ್ದಳು.

ಹಾಲು ನಿಂತಿತು. ಅಕ್ಕನ ಮಾತೂ ನಿಂತಿತು. ಊಟ ಮಾಡ್ತೀಯಾ ಎಂದರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಭಾವನ ಮನೆಯವರು ಒಂದು ಸಲ ಬಂದು ನೋಡಿ, ಸರಿಹೋದ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ. ಶನಿವಾರ ಭಜನೆಗೆ ಹೊರಡುವ ಮುಂಚೆ ಅಪ್ಪ ಅವಳ ಕೋಣೆಯ ಬಾಗಿಲಲ್ಲಿ ನಿಂತು ಒಂದು ಸಾಲು ಹಾಡುತ್ತಿದ್ದ, ಅವಳು ಎತ್ತಿಕೊಳ್ಳುತ್ತಿದ್ದ ಜಾಗದವರೆಗೆ. ಅಲ್ಲಿಗೆ ನಿಲ್ಲಿಸಿ ಕಾಯುತ್ತಿದ್ದ. ಒಳಗಿನಿಂದ ಏನೂ ಬರುತ್ತಿರಲಿಲ್ಲ. ಅಪ್ಪ ಮೇಲುವಸ್ತ್ರ ಸರಿಮಾಡಿಕೊಂಡು ಒಬ್ಬನೇ ಹೋಗುತ್ತಿದ್ದ.

ಹೀಗಿರುವಾಗ ಒಂದು ದಿನ ಅಪ್ಪ, "ಅವಳಿಗೆ ಒಂದು ತಂಬೂರಿ ಮಾಡ್ಸಾನ" ಎಂದ. ಅವ್ವ ರಾಗಿ ಬೀಸುತ್ತಿದ್ದಳು.

"ಬಾಯೇ ಬಿಡ್ದೋಳಿಗೆ ತಂಬೂರಿ ಯಾಕೆ?"

"ಅವಳು ಬಿಡ್ದಿದ್ರೆ ಅದಾದ್ರೂ ಬಿಡ್ತೈತೆ. ಕೇಳ್ತಾ ಕೇಳ್ತಾ ಇವಳೂ ಬಿಟ್ಟಾಳು."

ಅವ್ವ ಬೀಸುವುದನ್ನು ನಿಲ್ಲಿಸಲಿಲ್ಲ. ಅಂದರೆ ಒಪ್ಪಿದಳು ಎಂದು ಅರ್ಥ.

ತಂಬೂರಿ ಮಾಡುವ ಆಚಾರಿ ಕೃಷ್ಣಗಿರಿಯವರು. ತಂಜಾವೂರಿನ ಕಡೆ ಕೆಲಸ ಕಲಿತು ಬಂದವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ನಮ್ಮಂಥವರ ಜೊತೆ ಒಂದು ಬಗೆಯ ಕನ್ನಡ. ಇದ್ದಿಲು ಸುಟ್ಟು ಓಡುವ ಬಸ್ಸಿನಲ್ಲಿ ರಾಯಕೋಟೆಗೆ ಬಂದು, ಅಲ್ಲಿಂದ ನಡೆದು, ಮುಖವೆಲ್ಲ ಮಸಿಯಾಗಿ ನಮ್ಮ ಜಗಲಿಗೆ ಬಂದು ಕೂತರು. ಬಾಯಿ ತುಂಬ ಮಾತು. ಬಸ್ಸು ಏರಿನಲ್ಲಿ ನಿಂತು ಎಲ್ಲರೂ ಇಳಿದು ತಳ್ಳಿದ್ದನ್ನು ಹೇಳಿದರು. ತಾವು ಮಾಡಿದ ವೀಣೆಗಳನ್ನು ಯಾರು ಯಾರು ನುಡಿಸುತ್ತಾರೆ ಎಂದು ಹೇಳಿದರು. ಅವ್ವ ನೀರುಮಜ್ಜಿಗೆ ತಂದಾಗ ಕೇಳಿದರು, "ಪಾಪ ಎಲ್ಲಿ ಅಮ್ಮಾ? ಪಾಪಾನ ಕರೀರಿ, ನೋಡ್ಬೇಕು."

ಅವರ ಮಾತಿನಲ್ಲಿ ಪಾಪ ಎಂದರೆ ಹುಡುಗಿ, ಮನೆಯ ಮಗಳು. ನಮ್ಮ ಮಾತಿನಲ್ಲಿ ಪಾಪ ಎಂದರೆ ಎಳೆಗೂಸು. ಅವ್ವನ ಕೈಯಲ್ಲಿದ್ದ ಚೊಂಬು ವಾಲಿ ಮಜ್ಜಿಗೆ ಜಗಲಿಯ ಮೇಲೆ ಹರಿಯಿತು. ಅವಳು ಒಳಕ್ಕೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ. ಆಚಾರಿಗೆ ಏನೂ ತಿಳಿಯಲಿಲ್ಲ. "ಕಾಲು ಜಾರಿತಾ ಅಮ್ಮಂಗೆ?" ಎಂದು ಅಪ್ಪನನ್ನು ಕೇಳಿದರು. ಅಪ್ಪ, "ಮಗಳು ಒಳಗವಳೆ. ಬತ್ತಾಳೆ. ಮೊದ್ಲು ಮರ ನೋಡಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ.

ನಾನೂ ಹಿಂದೆ ಹೋದೆ. ತಂಬೂರಿಗೆ ಹಲಸೇ ಆಗಬೇಕಂತೆ. ಆಚಾರಿ ಮೊದಲ ಮರವನ್ನು ಕೈಯ ಬುಡದಿಂದ ಗುದ್ದಿ, ಕಿವಿ ಇಟ್ಟು, "ಎಳೇದು. ಇನ್ನೂ ಚೇಗು ಕಟ್ಟಿಲ್ಲ" ಎಂದರು. ಒಳಗಿನ ಗಟ್ಟಿ ಹಳದಿ ಮರಕ್ಕೆ ಚೇಗು ಎನ್ನುತ್ತಾರೆ. ಹೊರಗಿನ ಬಿಳಿ ಮರ ಹುಳಕ್ಕೆ ಊಟ. ಬೇಲಿಯ ಕಡೆಯ ಮರವನ್ನು ಗುದ್ದಿದರು. "ಇದರ ಹೊಟ್ಟೆ ಟೊಳ್ಳು. ಒಳಗಡೆ ಇರುವೆ ಸಂಸಾರ ಮಾಡ್ತಾ ಅವೆ." ಆಮೇಲೆ ನಡುವಿನ ಮರ. ಗುದ್ದಿದರು. ಇನ್ನೊಂದು ಸಲ ಗುದ್ದಿದರು. ಮಾತು ನಿಲ್ಲಿಸಿದರು. ಬಂದಾಗಿನಿಂದ ಅವರು ಮಾತು ನಿಲ್ಲಿಸಿದ್ದು ಅದೇ ಮೊದಲು. ನನ್ನನ್ನು ಕರೆದು, "ಕಿವಿ ಇಡು ಪಾಪ" ಎಂದರು. ಇಟ್ಟೆ. ಸದ್ದು ಕೆಳಗಿನಿಂದ ಬಂದು ತಲೆಯ ಮೇಲಕ್ಕೆ ಹೋಗಿ ಮತ್ತೆ ಇಳಿಯಿತು. ಮೊಮ್ಮಗಳು ಕೇಳಿದಳಲ್ಲ, ನಿಂಗೆ ಹೆಂಗೆ ಗೊತ್ತು ಎಂದು, ಹೀಗೆ ಗೊತ್ತು.

"ಇದೇ ಗೌಡ್ರೇ" ಎಂದರು ಆಚಾರಿ.

ಅಪ್ಪ ಮರವನ್ನು ನೋಡಲಿಲ್ಲ. "ಅದೊಂದು ಬ್ಯಾಡ. ಬೇರೆ ನೋಡಿ."

"ಬೇರೆ ಎಲ್ಲಿ ನೋಡ್ಲಿ? ಒಂದು ಎಳೇದು, ಒಂದು ಟೊಳ್ಳು."

ಅಷ್ಟು ಹೊತ್ತಿಗೆ ಅವ್ವ ಬಾವಿಯ ಹತ್ತಿರ ಬಂದಿದ್ದಳು. "ಆ ಮರ ಬ್ಯಾಡ ಆಚಾರ್ರೇ. ಅದು ಹಾಲು ಹುಯ್ದಿರೋ ಮರ" ಎಂದಳು.

ಆಚಾರಿಯ ಮುಖ ಅರಳಿತು. "ನಾಗಪ್ಪಂಗೆ ಹಾಲೆರೆದ ಮರವಾ? ಮುಂಚೇನೇ ಹೇಳ್ಬಾರ್ದಾ ತಾಯಿ. ಅಂಥಾ ಮರ ಹುಡುಕ್ಕೊಂಡು ನಾವು ಊರೂರು ಅಲೀತೀವಿ. ಹುತ್ತ ಎಲ್ಲೈತೆ? ಬುಡದಲ್ಲೇನಾ?" ಎನ್ನುತ್ತ ಚಪ್ಪಲಿ ಬಿಟ್ಟರು. ಮಡಿಲಿನಿಂದ ಕರ್ಪೂರ ತೆಗೆದರು. ಕೂಸಿದ್ದ ಮಣ್ಣಿನ ಮೇಲೆ, ಅಪ್ಪ ಇಟ್ಟಿದ್ದ ಚಪ್ಪಟೆ ಕಲ್ಲಿನ ಮೇಲೆಯೇ ಕರ್ಪೂರ ಹಚ್ಚಿ, ಮರಕ್ಕೆ ಕುಂಕುಮ ಇಟ್ಟು, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು. "ನಾಗಪ್ಪ ತಂದೆ, ಹೆಣ್ಣುಮಗು ಹಾಡಕ್ಕೆ ಕೇಳ್ತಾ ಐತೆ. ಬಿಟ್ಟುಕೊಡು" ಎಂದು ಬೇಡಿಕೊಂಡರು.

ಅಪ್ಪನಿಗಾಗಲಿ ಅವ್ವನಿಗಾಗಲಿ ತಡೆಯಲು ಆಗಲಿಲ್ಲ. ಹೆಸರಿಲ್ಲದೆ ಹೋದ ಕೂಸಿಗೆ ನಾವು ಯಾರೂ ದೀಪ ಹಚ್ಚಿರಲಿಲ್ಲ, ಹಚ್ಚುವ ಪದ್ಧತಿಯೂ ಇಲ್ಲ. ಯಾವುದೋ ಊರಿನವರು ಬಂದು ದೇವರೆಂದು ತಿಳಿದು ಹಚ್ಚಿದರು. ಕರ್ಪೂರ ಉರಿದು ಆರುವವರೆಗೆ ಅವ್ವ ಕೈಮುಗಿದು ನಿಂತಿದ್ದಳು. ನಾನು ತಿರುಗಿ ನೋಡಿದರೆ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಆ ಮರಾನೇ ಕುಯ್ದ್ಬುಡಿ" ಎಂದಳು.

ಎಷ್ಟೋ ದಿನಗಳಿಂದ ಕೇಳದಿದ್ದ ದನಿ. ಒಣಗಿದ ಹಾಗಿತ್ತು. ಅವ್ವ ಓಡಿಹೋಗಿ ಅವಳ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವ. ಅದು ಎಂಥಾ ಮರ ಅಂತ ನಿಂಗೊತ್ತಿಲ್ಲ."

"ಗೊತ್ತು."

"ಯಾರು ಹೇಳಿದ್ರು?" ಎಂದು ಅವ್ವ ನನ್ನ ಕಡೆ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಯಾರೂ ಹೇಳ್ಲಿಲ್ಲ. ನೀನು ಬಟ್ಲು ತಕ್ಕೊಂಡು ಹೋಗ್ತಿದ್ದಲ್ಲ, ಒಣಗಿದ ಹಲಸಿನೆಲೆ ತುಳಿದಿದ್ದು ಕೇಳ್ತಿತ್ತು. ಬಾವಿ ದಾಟಿ ಅಷ್ಟು ಹೆಜ್ಜೆ ಹಾಕಿದ್ರೆ ನಡುವಿನ ಮರಾನೇ. ಅಲ್ಲಿ ನಿಂತ್ಕೊಂಡು ಮೂಗು ಸೀಟ್ತಿದ್ದೆ. ಬರೀ ಹಾಲು ಹುಯ್ಯಕ್ಕೆ ಅಷ್ಟೊತ್ತು ಯಾಕವ್ವ?"

ಅವ್ವ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಆಚಾರಿ ಅವಳ ಮುಖ, ಅಪ್ಪನ ಮುಖ, ಚಪ್ಪಟೆ ಕಲ್ಲು ನೋಡಿದರು. ಆಗ ಅವರಿಗೆ ತಿಳಿಯಿತು. ಹಣೆಗೆ ಹತ್ತಿದ್ದ ಮಣ್ಣನ್ನು ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಒರೆಸಿಕೊಳ್ಳಲಿಲ್ಲ.

"ನಾನು ಬೇರೆ ಕಡೆ ಮರ ನೋಡ್ತೀನಿ ಗೌಡ್ರೇ" ಎಂದರು ಮೆಲ್ಲಗೆ.

"ಬ್ಯಾಡ" ಎಂದಳು ಅಕ್ಕ.

"ಅದು ಕೂಸಿಗೆ ನೆರಳು ಕಣೆ" ಎಂದಳು ಅವ್ವ. "ನೆರಳನ್ನ ಕಡೀತಾರಾ ಯಾರಾನ?"

"ನೆರಳಲ್ಲಿ ಸುಮ್ನೆ ಮಲಗಿ ಸಾಕಾಗೈತೆ ಅದಕ್ಕೆ. ನನ್ನ ಹಾಲು ಕುಡಿದು ಉಳಿದಿರೋದು ಆ ಮರ ಒಂದೇ. ಬೇರೆ ಮರದ್ದಾದ್ರೆ ನಾನು ಮುಟ್ಟಲ್ಲ."

ಮುಟ್ಟುವುದಿಲ್ಲ ಎಂದಳಲ್ಲ, ಅದನ್ನು ಅಪ್ಪ ಬೇರೆ ತರಹ ಕೇಳಿಸಿಕೊಂಡ. ಈ ಮರದ್ದಾದರೆ ಮುಟ್ಟುತ್ತಾಳೆ. ಮುಟ್ಟಿದರೆ ಹಾಡುತ್ತಾಳೆ. "ಬುಡ ಕೀಳಲ್ಲ, ಮಣ್ಣು ಮುಟ್ಟಲ್ಲ. ಮೊಣಕಾಲುದ್ದ ಬಿಟ್ಟು ಮೇಲೆ ಕೊಯ್ತೀವಿ" ಎಂದು ಅವ್ವನಿಗೆ ಹೇಳಿದ. ಅವ್ವ ಕಟ್ಟೆಯಿಂದ ಎದ್ದು ಒಳಕ್ಕೆ ಹೋದಳು.

ಆವತ್ತು ಮಧ್ಯಾಹ್ನ ಜಗಲಿಯ ಮೇಲೆ ಆಚಾರಿ ಅಕ್ಕನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಮುದ್ದೆಯನ್ನು ನುಂಗಲು ಬರದೆ ಅಗಿದು ಅಗಿದು ತಿಂದು ಎದ್ದಿದ್ದರು, ನಾನು ನಕ್ಕಿದ್ದೆ, ಅವರೂ ನಕ್ಕಿದ್ದರು. ಆದರೆ ಅಕ್ಕನ ಎದುರು ಕೂತಾಗ ಆ ನಗು ಇರಲಿಲ್ಲ. ಅವಳನ್ನು ಪಾಪ ಎಂದು ಕರೆಯುವುದನ್ನು ಬಿಟ್ಟು ಅಮ್ಮ ಎನ್ನತೊಡಗಿದ್ದರು.

"ಕುದುರೆ ಯಾವುದರಲ್ಲಿ ಇಡ್ಲಿ ಅಮ್ಮ? ಬೀಟೆ ಮರದಲ್ಲಿ ಇಟ್ರೆ ದನಿ ಮೆತ್ತಗೆ. ಮೂಳೇದು ಇಟ್ರೆ ಖಣಖಣ ಅಂತೈತೆ." ತಂತಿಗಳು ಹಾದುಹೋಗುವ ಪಟ್ಟಿಗೆ ಕುದುರೆ ಎನ್ನುತ್ತಾರೆ.

"ಮರದ್ದು. ಮೂಳೆ ಬ್ಯಾಡ."

"ತಂತಿ ಬಿಗಿಯೋ ಬಿರಡೇನೂ ಬೀಟೇದೇ ಹಾಕ್ತೀನಿ, ತಿರುಗಿಸಿದ್ರೆ ಜಾರಲ್ಲ. ತಂತಿ ಮಾತ್ರ ಕಷ್ಟ, ಯುದ್ಧ ಅಂತ ಒಳ್ಳೇ ಉಕ್ಕಿನ ತಂತಿ ಬರ್ತಾ ಇಲ್ಲ. ಹಳೇ ವೀಣೇದು ಬಿಚ್ಚಿಟ್ಟಿದ್ದೀನಿ, ಅದನ್ನೇ ಹಾಕ್ತೀನಿ. ಕೊರಳ ಮೇಲೆ ಏನು ಕೆತ್ತಲಿ? ಗಿಳಿ ಕೆತ್ತುತ್ತೀನಿ. ಹಂಸ ಕೆತ್ತುತ್ತೀನಿ. ಬಳ್ಳೀಲಿ ಕೂಸು ಕೃಷ್ಣ..." ಎಂದವರು ನಾಲಗೆ ಕಚ್ಚಿಕೊಂಡರು.

"ಏನೂ ಬ್ಯಾಡ. ಮರ ಮರದಂಗೇ ಇರ್ಲಿ."

"ಕೊಡ ಯಾವ ತುಂಡಿಂದು ಮಾಡ್ಲಿ? ಮೇಲಿನ ತುಂಡು ಹಗುರ, ಹೆಣ್ಣುಮಕ್ಕಳ ಕೈಗೆ ಚೆನ್ನ." ತಂಬೂರಿಯ ಕೆಳಗಿನ ದುಂಡು ಹೊಟ್ಟೆಯೇ ಕೊಡ.

"ಬುಡದ ತುಂಡಿಂದು."

ಅಪ್ಪ ನಡುವೆ ಬಾಯಿಹಾಕಿದ. "ಭಾರ ಆಗ್ತೈತೆ ಮಗ."

"ಎತ್ಕೊಳ್ಳೋಳು ನಾನಲ್ವೇನಪ್ಪ" ಎಂದಳು ಅಕ್ಕ.

ಮರ ಕೊಯ್ದ ದಿನ ಅಕ್ಕನನ್ನು ಒಳಗೆ ಕೂರಿಸಬೇಕೆಂದು ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಚಿಕ್ಕಪ್ಪನೂ ಇನ್ನೊಬ್ಬರೂ ಗರಗಸ ಹಿಡಿದರು. ಹಲ್ಲು ತೊಗಟೆಯನ್ನು ದಾಟಿದ ಕೂಡಲೇ ಹಾಲು ಬಂತು. ಹಲಸಿನ ಮರ ಕಡಿದರೆ ಹಾಲು ಬರುತ್ತದೆ ಎಂದು ನಮಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಅಲ್ಲವೇ ಕೂಸನ್ನು ಅಲ್ಲಿಟ್ಟದ್ದು. ಆದರೂ ಅದು ಬೆಳ್ಳಗೆ, ದಪ್ಪಗೆ, ಮರದ ಮೈಮೇಲೆ ಇಳಿದು ಆ ಚಪ್ಪಟೆ ಕಲ್ಲಿನ ಮೇಲೆ ತೊಟ್ಟಿಕ್ಕಿದಾಗ ಚಿಕ್ಕಪ್ಪ ಗರಗಸ ಬಿಟ್ಟು ದೂರ ಹೋದ. ಅಕ್ಕ ಹತ್ತಿರ ಬಂದು ಎರಡು ಬೆರಳಿಂದ ಅದನ್ನು ಮುಟ್ಟಿದಳು. ಹಲಸಿನ ಅಂಟು ನೀರಿಗೆ ಹೋಗುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಬೇಕು. ಅವ್ವ ಎಣ್ಣೆ ತಂದರೂ ಅವಳು ಹಚ್ಚಿಕೊಳ್ಳಲಿಲ್ಲ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಹಾಗೇ ಬಿಟ್ಟುಕೊಂಡಿದ್ದಳು. ಅಪ್ಪನೇ ಗರಗಸದ ಆ ತುದಿ ಹಿಡಿದ.

ಮರ ಬಿದ್ದ ಮೇಲೆ ತುಂಡು ಮಾಡಬೇಕು. ಎಷ್ಟು ಉದ್ದಕ್ಕೆ ಎಂಬುದು ಶ್ರುತಿಯ ಮೇಲೆ ನಿಂತಿದೆ. ಮೇಲಿನ ಶ್ರುತಿಗೆ ಚಿಕ್ಕ ತಂಬೂರಿ, ಕೆಳಗಿನ ಶ್ರುತಿಗೆ ದೊಡ್ಡದು. ಆಚಾರಿ ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಬೆರಳಿಗೆ ಸುತ್ತಿಕೊಂಡು, ಮಡಿಲಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು, "ಶ್ರುತಿ ಕೊಡಮ್ಮ" ಎಂದರು.

ಅಕ್ಕ ಬಿದ್ದ ಮರವನ್ನೇ ನೋಡುತ್ತಿದ್ದಳು.

ಅಪ್ಪ, "ನಾನ್ ಕೊಡ್ತೀನಿ. ಅವಳ ಶ್ರುತಿ ನಂಗೊತ್ತಿಲ್ವಾ" ಎಂದು ಪೆಟ್ಟಿಗೆಯಲ್ಲಿ ಮೇಲಿನ ಸ್ವರದ ಮನೆಯೊಂದನ್ನು ತೆರೆದ. ಭಜನೆಯಲ್ಲಿ ಮುದುಕರು ನೆಟ್ಟಗೆ ಕೂರುತ್ತಿದ್ದ ಆ ಶ್ರುತಿಯೇ. ಆಚಾರಿ ಒಪ್ಪಲಿಲ್ಲ. "ಅದು ಹೆರಿಗೆಗೆ ಮುಂಚಿನ ಮಾತು ಗೌಡ್ರೇ. ಹೆತ್ತ ಮೇಲೆ ಗಂಟಲು ಬೇರೆ. ಈಗಿಂದು ಬೇಕು."

ನಾವು ಎಲ್ಲರೂ ಕಾದೆವು. ಅಪ್ಪ ತುಟಿ ಬಿಗಿಹಿಡಿದು, ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದನಲ್ಲ, ಹಾಗೆ ನಿಂತಿದ್ದ. ಆಗ ಅಕ್ಕ ಬಾಯಿ ತೆರೆದಳು. ಸ ಎನ್ನಲಿಲ್ಲ. ಜೋ ಎಂದಳು. ಅದೊಂದೇ ಅಕ್ಷರ, ಉದ್ದಕ್ಕೆ, ನಡುಗದೆ. ಎಲ್ಲೋ ಕೆಳಗೆ, ಬಾವಿಯ ಒಳಗಿನಿಂದ ಬಂದ ಹಾಗಿತ್ತು. ಆಚಾರಿ ಪೆಟ್ಟಿಗೆಯ ಮನೆಗಳನ್ನು ಒಂದೊಂದಾಗಿ ತೆರೆಯುತ್ತ, ಮುಚ್ಚುತ್ತ, ಕೆಳಕ್ಕೆ ಕೆಳಕ್ಕೆ ಬಂದು ಆ ದನಿಗೆ ಕೂಡಿಸಿದರು.

"ಅದಲ್ಲ" ಎಂದ ಅಪ್ಪ. "ಅದು ನನ್ನ ಮಗಳ ಶ್ರುತಿ ಅಲ್ಲ. ಅವಳಿಗೆ ಮೈ ಸರಿಯಿಲ್ಲ, ಅದಕ್ಕೆ ಅಷ್ಟು ಕೆಳಕ್ಕೆ ಬಂತು. ನೀವು ಮೇಲಿನ ಶ್ರುತಿಗೇ ಮಾಡಿ."

"ತಂಬೂರಿ ಯಾರಿಗೆ ಗೌಡ್ರೇ?"

"ಅವಳಿಗೇ. ನಾಳೆ ಅವಳು ಮೊದ್ಲಿನಂಗೆ ಆಗ್ತಾಳೆ. ಆದಾಗ ಈ ತಂಬೂರಿ ಮಡೀಕ್ಕೊಂಡು ಏನ್ ಮಾಡಾನ ಹೇಳಿ?"

ಅಕ್ಕ ಅಪ್ಪನ ಹತ್ತಿರ ಹೋದಳು. ಅಂಟಿದ ಬೆರಳುಗಳ ಕೈಯನ್ನು ಅವನ ತೋಳಿನ ಮೇಲೆ ಇಟ್ಟಳು. "ಮೊದ್ಲಿನಂಗೆ ಆಗಲ್ಲಪ್ಪ ನಾನು" ಎಂದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಊರಿಗೆ ಬಸ್ಸು ಬರುವುದಿಲ್ಲ ಎಂದು ಹೇಳಿದ ಹಾಗೆ ಹೇಳಿದಳು.

ಆಚಾರಿ ಅಪ್ಪನನ್ನು ಇನ್ನೊಮ್ಮೆ ಕೇಳಲಿಲ್ಲ. ದಾರವನ್ನು ಮರದ ಮೇಲೆ ಎಳೆದು ಹಿಡಿದು ಚಿಟ್ಟನೆ ಬಿಟ್ಟರು. ಕೆಂಪು ಗೆರೆ ಬಿತ್ತು. ಹೆಣ್ಣುಮಕ್ಕಳ ತಂಬೂರಿಗಿಂತ ಉದ್ದ, ಗಂಡಸರದಕ್ಕಿಂತ ಗಿಡ್ಡ. ಅಂಥ ಅಳತೆಯದನ್ನು ತಾವು ಮಾಡಿಯೇ ಇಲ್ಲ ಎಂದು ಆಚಾರಿ ಆಮೇಲೆ ಹೇಳಿದರು.

ಹಸಿ ಮರ ಒಣಗಬೇಕು. ಮಳೆಗಾಲ ಹೋಯಿತು, ರಾಗಿ ಕುಯ್ಲು ಆಯಿತು. ಆ ನಡುವೆ ಭಾವನಿಗೆ ಬೇರೆ ಹೆಣ್ಣು ತಂದರೆಂದು ಸುದ್ದಿ ಬಂತು. ಅವ್ವ ಅತ್ತಳು. ಅಕ್ಕ ಹೌದಾ ಎಂದು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಪ್ಪ ಕೋಣೆಯ ಬಾಗಿಲಲ್ಲಿ ಹಾಡುವುದನ್ನು ಬಿಟ್ಟಿರಲಿಲ್ಲ. ತಂಬೂರಿ ಬರಲಿ ಎನ್ನುತ್ತಿದ್ದ. ಬಂದ ಮೇಲೆ ನೋಡಿ ಎನ್ನುತ್ತಿದ್ದ. ಅಳತೆ ಹೇಗೇ ಇರಲಿ, ಬಿರಡೆ ತಿರುಗಿಸಿದರೆ ಶ್ರುತಿ ಏರುತ್ತದೆ, ಅದಕ್ಕೇನು ಎನ್ನುತ್ತಿದ್ದ.

ಆಚಾರಿ ತಂಬೂರಿಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ಮುಟ್ಟಗೊಡದೆ, ರಾಯಕೋಟೆಯಿಂದ ಹೆಗಲ ಮೇಲೆ ಹೊತ್ತು ತಂದರು. ಕಂಬಳಿ ಬಿಚ್ಚಿದಾಗ ಮರ ಅರಿಸಿನದ ಹಾಗಿತ್ತು. ಅಕ್ಕ ಹೇಳಿದ ಹಾಗೆ, ಒಂದು ಹೂವಿಲ್ಲ, ಒಂದು ಗೆರೆಯಿಲ್ಲ. ಕುದುರೆಯ ಮೇಲೆ, ಒಂದೊಂದು ತಂತಿಯ ಕೆಳಗೂ ಅವರು ಹತ್ತಿಯ ಎಳೆ ಸೇರಿಸಿ, ಕೂದಲಿನಷ್ಟು ಆಚೆ ಈಚೆ ಸರಿಸಿದರು. ಬರೀ ಟಿಣ್ ಎನ್ನುತ್ತಿದ್ದ ತಂತಿ ಒಂದು ಜಾಗದಲ್ಲಿ ಜೇನುಹುಳದ ಹಾಗೆ ತುಂಬಿ ನುಡಿಯಿತು. ಆ ಎಳೆಗೆ ಜೀವ ಎನ್ನುತ್ತಾರಂತೆ. ಅಕ್ಕ ಅದನ್ನು ಕಲಿತುಕೊಂಡಳು. ಆಮೇಲೆ ತಂಬೂರಿಯನ್ನು ಎತ್ತಿಕೊಂಡು, ಕೊಡವನ್ನು ತೊಡೆಯ ಮೇಲೆ ಇಟ್ಟು, ಕೊರಳನ್ನು ಭುಜಕ್ಕೆ ಆನಿಸಿದಳು.

ದೀಪ ಹಚ್ಚುವ ಹೊತ್ತು. ಶನಿವಾರವಲ್ಲದಿದ್ದರೂ ಅಪ್ಪ ಸ್ನಾನ ಮಾಡಿ, ಭಜನೆಯ ಮೇಲುವಸ್ತ್ರ ಹೊದ್ದು ಅಕ್ಕನ ಪಕ್ಕ ಕೂತ. ಅವಳು ಮೀಟಿದಳು. ಮನೆಯ ತುಂಬ ಆ ಸದ್ದು. ಅಪ್ಪ ಬಿರಡೆಯ ಕಡೆ ಕೈ ನೀಡಿದ. ಅಕ್ಕ ತಲೆಯಾಡಿಸಿದಳು, ಬೇಡವೆಂದು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ತಾನು ಪ್ರತಿ ಶನಿವಾರ ಬಾಗಿಲಲ್ಲಿ ಹಾಡುತ್ತಿದ್ದ ಸಾಲನ್ನು ಎತ್ತಿದ. ಆಗಲಿಲ್ಲ. ಏರಿಸಿದರೆ ಗಂಟಲಿಗೆ ಎಟುಕದು, ಇಳಿಸಿದರೆ ಎದೆಗೆ ಎಟುಕದು. ಊರಿಗೆಲ್ಲ ಹಾಡು ಎತ್ತಿಕೊಡುತ್ತಿದ್ದವನು ಒಂದು ಸಲ ಮೇಲೆ ಹೋಗಿ ನೋಡಿದ, ದನಿ ಸೀಳಿತು. ಒಂದು ಸಲ ಕೆಳಗೆ ಹೋಗಿ ನೋಡಿದ, ದನಿಯೇ ಇರಲಿಲ್ಲ, ಬರೀ ಉಸಿರು. ಮೂರನೆಯ ಸಲ ಬಾಯಿ ತೆರೆದವನು ಹಾಡಲಿಲ್ಲ. ಮೇಲುವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಕೂಸನ್ನು ಮಣ್ಣಿಗೆ ಇಟ್ಟು ಬಂದ ದಿನ ಅಳದಿದ್ದವನು ಆವತ್ತು ನನ್ನ ಎದುರಿಗೇ ಅತ್ತ.

ಅಕ್ಕ ಮೀಟುವುದನ್ನು ನಿಲ್ಲಿಸಲಿಲ್ಲ. ಅವನು ಅತ್ತು ಮುಗಿಸುವವರೆಗೆ ಕಾದಳು. ಆಮೇಲೆ ಆ ಸಾಲನ್ನು ಅವಳೇ ಮೊದಲಿನಿಂದ ಹಾಡಿದಳು. ಯಾವ ಜಾಗದಲ್ಲಿ ಮುದುಕರು ನೆಟ್ಟಗೆ ಕೂರುತ್ತಿದ್ದರೋ ಆ ಜಾಗ ಬಂದಾಗ ಮೇಲಕ್ಕೆ ಹೋಗಲಿಲ್ಲ. ಕೆಳಗಿನಿಂದಲೇ ದಾಟಿಹೋದಳು. ಅಪ್ಪ ತಲೆ ಎತ್ತದೆ, ಮಡಿಲಲ್ಲಿ ತನ್ನ ಕೈಗಳನ್ನು ನೋಡುತ್ತ, ಅಲ್ಲಿಂದ ಮುಂದೆ ಎಲ್ಲೂ ತಪ್ಪದೆ ತಾಳ ಹಾಕಿದ.